ಬಂದವರಿಗೆ ಇಟ್ಟ ನೀರು

ಹಳ್ಳಕ್ಕೆ ಇಳಿಯುವವಳು ಅವಳೇ. ಯಾವತ್ತೂ ಅವಳೇ.

ದಡದಲ್ಲೇ ನಿಂತು ಹಳ್ಳದ ನೀರು ಎತ್ತುವುದಕ್ಕೆಂದು ನೀರಿನ ಆಫೀಸಿನಲ್ಲಿ ಒಂದು ಉದ್ದನೆಯ ಕೋಲಿದೆ. ತುದಿಯಲ್ಲಿ ಬಾಟಲಿ ಸಿಕ್ಕಿಸುವ ಹಿಡಿಕೆ, ಹಿಡಿಕೆಗೊಂದು ತಿರುಪು. ಆ ಕೋಲು ಸ್ಟೋರಿನಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿದೆ. ದುಬಾರಿ ಕೋಲು, ಮುರಿದರೆ ಯಾರು ಜವಾಬ್ದಾರಿ? ಆಳು ಮುರಿದರೆ ಇನ್ನೊಂದು ಆಳು ಸಿಗುತ್ತದೆ.

ಆವತ್ತೂ ಸೊಂಟದ ಮಟ್ಟ ಇಳಿದಿದ್ದಳು. ಊರಿನ ಚರಂಡಿಗಳೆಲ್ಲ ಬಂದು ಸೇರುವ ಹಳ್ಳ ಅದು. ಕಾಲಿಗೆ ಗಾಜು ತಾಗಿತು, ಚಿಂದಿ ಸುತ್ತಿಕೊಂಡಿತು, ಮೆತ್ತಗಿನದೇನೋ ಸವರಿಕೊಂಡು ಹೋಯಿತು. ಏನದು ಎಂದು ಅವಳು ನೋಡುವುದಿಲ್ಲ. ನೋಡಿದರೆ ಮಧ್ಯಾಹ್ನ ಊಟ ಸೇರುವುದಿಲ್ಲ.

"ಏ ಬಾಟ್ಲಿ, ನಡುವಿಗೆ ಹೋಗೇ! ಅಂಚಿನ ನೀರು ಲೆಕ್ಕಕ್ಕಿಲ್ಲ." ದಡದ ಮೇಲಿಂದ ಸಾಹೇಬ ಕೂಗಿದ. ಮೂಗಿಗೆ ಕರವಸ್ತ್ರ.

ಬಾಟ್ಲಿ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಬಾಟಲಿ ತೊಳೆಯುತ್ತಾಳೆ, ಹೊರುತ್ತಾಳೆ, ತುಂಬುತ್ತಾಳೆ, ಬಾಟ್ಲಿ. ಕೇರಿಯ ಹೆಂಗಸರು ಅದಕ್ಕೊಂದು ಮರ್ಯಾದೆ ಸೇರಿಸಿ ಬಾಟ್ಲಕ್ಕ ಎಂದರು. ಅವಳು ಎರಡಕ್ಕೂ ಓಗೊಡುತ್ತಿದ್ದಳು.

ನಡುವಿಗೆ ಹೋದಳು. ಬಾಟಲಿಯನ್ನು ಅದೇ ನೀರಿನಲ್ಲಿ ಗಲಬರಿಸಿ ಚೆಲ್ಲಿದಳು. ಬಾಯಿ ಹರಿವಿಗೆ ಎದುರಾಗಿ ಹಿಡಿದು, ನೊರೆ ತಪ್ಪಿಸಿ, ಮೊಣಕೈ ಮುಳುಗುವಷ್ಟು ಕೆಳಗೆ ಅದ್ದಿ ತುಂಬಿದಳು. ಮುಚ್ಚಳ ಬಿಗಿದು ಚೀಟಿ ಅಂಟಿಸಿದಳು. ಸರ್ಕಾರ ಈ ಸಲ ಊರಿನ ನೀರನ್ನೆಲ್ಲ ಪರೀಕ್ಷೆ ಮಾಡಿಸುತ್ತಿತ್ತು. ನೆಲದ ಮೇಲೆ ಹರಿಯುವ ನೀರು, ನೆಲದ ಕೆಳಗೆ ಕೂತ ನೀರು, ಕೆರೆ, ಬಾವಿ, ಬೋರು, ಒಂದನ್ನೂ ಬಿಡುವಂತಿಲ್ಲ. ಎಲ್ಲಿ ನೀರು ಕೆಟ್ಟಿದೆಯೋ ಅಲ್ಲಿಗೆ ಪೈಪು.

ಒಂದನ್ನೂ ಬಿಡುವಂತಿಲ್ಲ ಎಂದ ಮೇಲೆ ಕೇರಿಯ ಬೋರೂ ಬಂತು. ಅವಳ ಕಾಲದಲ್ಲಿ ಇದೇ ಮೊದಲು.

ಕೇರಿ ಇರುವುದು ಊರಿನ ಕಸದ ಗುಡ್ಡದ ಬುಡದಲ್ಲಿ. ಊರವರು ತಿಂದು ಎಸೆದದ್ದು, ಉಟ್ಟು ಬಿಟ್ಟದ್ದು ಎಲ್ಲ ಅಲ್ಲಿ ಕೊಳೆಯುತ್ತದೆ. ಅದನ್ನು ಆಯುವವರು ಕೇರಿಯವರು. ಕೊಳೆತ ರಸ ನೆಲಕ್ಕೆ ಇಳಿಯುತ್ತದೆ. ಆ ನೆಲದ ನೀರು ಬಳಸುವವರೂ ಕೇರಿಯವರೇ. ಬೋರಿನ ಹಿಡಿಕೆ ಒತ್ತಿದರೆ ಮೊದಲು ವಾಸನೆ ಬರುತ್ತದೆ, ಆಮೇಲೆ ನೀರು. ಅದು ಹಳದಿ. ಆ ನೀರಿನಲ್ಲಿ ಮಿಂದ ಮಕ್ಕಳ ಚರ್ಮ ಹಕ್ಕಳೆ ಏಳುತ್ತದೆ.

ಅದಕ್ಕೇ ಕುಡಿಯಲು ಮೇಲಿನ ಬೀದಿಯ ನಲ್ಲಿಗೆ ಹೋಗುತ್ತಿದ್ದರು. ಮೇಲಿನ ಬೀದಿಯವರದೆಲ್ಲ ಮುಗಿಯಬೇಕು. ಅವರ ಬಟ್ಟೆ, ಅವರ ಪಾತ್ರೆ, ಅವರ ಸ್ಕೂಟರು ತೊಳೆದಾಗಬೇಕು. ಆಮೇಲೆ ಕೇರಿಯ ಬಿಂದಿಗೆಗಳು. ಅಷ್ಟರಲ್ಲಿ ನಲ್ಲಿಯಲ್ಲಿ ಬರುವುದು ನೂಲಿನಷ್ಟು ನೀರು. ಹಾಗೆ ತಂದ ಒಂದು ಬಿಂದಿಗೆ ಪ್ರತಿ ಮನೆಯ ಮೂಲೆಯಲ್ಲೂ ಇರುತ್ತಿತ್ತು, ತಟ್ಟೆ ಮುಚ್ಚಿ. ಅವಳ ಅತ್ತೆ ಅದರಲ್ಲೂ ಅರ್ಧ ಮುಟ್ಟುತ್ತಿರಲಿಲ್ಲ. "ಬಂದವರಿಗೆ ಇರಲಿ" ಎನ್ನುತ್ತಿದ್ದಳು. ಅವರ ಮನೆಗೆ ಯಾರು ಬರುತ್ತಿದ್ದರು? ಯಾರೂ ಬರುತ್ತಿರಲಿಲ್ಲ. ಆದರೂ ಇಡುತ್ತಿದ್ದಳು.

ಪರೀಕ್ಷೆಯ ಸುದ್ದಿಯನ್ನು ಮುಂಚೆಯೇ ಕೇರಿಗೆ ಹೇಳಿದ್ದವಳು ಅವಳೇ. ಬೋರಿನ ಕಟ್ಟೆಯ ಮೇಲೆ ಹೆಂಗಸರು ಸುತ್ತುಗಟ್ಟಿದರು.

"ನಿಜವಾಗ್ಲೂ ಪೈಪ್ ಬರುತ್ತಾ ಬಾಟ್ಲಕ್ಕ?" ಎದುರುಮನೆಯವಳು ಕೇಳಿದಳು. ಸೊಂಟದಲ್ಲಿ ಮೈತುಂಬ ಕಜ್ಜಿಯ ಕೂಸು.

"ಬರದೆ ಏನೇ? ನಮ್ಮ ಬೋರಿನ ನೀರು ಹಾಕಿದ್ರೆ ಅವರ ಮಿಷಿನ್ನೇ ವಾಂತಿ ಮಾಡ್ಕೊಳ್ಳುತ್ತೆ."

ಕಟ್ಟೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಆ ನಗು ಅವಳಿಗೆ ಆಮೇಲೆ ಎಷ್ಟೋ ಸಲ ನೆನಪಾಯಿತು.

ಆವತ್ತು ಅವಳು ಹಳ್ಳದಿಂದ ಎದ್ದು ಬರುವಷ್ಟರಲ್ಲಿ ಜೀಪು ಕೇರಿಗೆ ಹೋಗಿ ವಾಪಸ್ ಬಂದಿತ್ತು. ಸಾಹೇಬನಿಗೆ ಊಟದ ಹೊತ್ತು ಮೀರುತ್ತಿತ್ತು, ಡ್ರೈವರನನ್ನೇ ಕಳಿಸಿಬಿಟ್ಟಿದ್ದ. ಪೆಟ್ಟಿಗೆಯಲ್ಲಿ ಕೇರಿಯ ಬಾಟಲಿ ತುಂಬಿ ಕೂತಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ನೀರು ತಿಳಿಯಾಗಿತ್ತು.

"ಅಣ್ಣ, ಇದು ನಮ್ಮ ಬೋರಿಂದಾ?"

"ಮತ್ತೆ? ನಿಮ್ಮ ಕೇರೀದೇ. ಹತ್ತು ಬೇಗ."

ಅವಳು ಒದ್ದೆ ಸೀರೆ ಹಿಂಡಿಕೊಂಡು ಜೀಪಿನ ಹಿಂಬದಿಯಲ್ಲಿ, ಪೆಟ್ಟಿಗೆಗಳ ನಡುವೆ ಕೂತಳು. ಸೀಟಿನ ಮೇಲೆ ಅವಳು ಕೂರುವಂತಿರಲಿಲ್ಲ.

ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖದ ತುಂಬ ನಗು. ಮಗ ಯಾವಳದೋ ಹಿಂದೆ ಊರು ಬಿಟ್ಟು ಹೋದಾಗಿನಿಂದ ಆ ಮುಖದಲ್ಲಿ ಅಂಥ ನಗು ಬಂದಿರಲಿಲ್ಲ. ಅವನು ಬಿಟ್ಟುಹೋದದ್ದು ಎರಡೇ, ತಾಯಿ ಮತ್ತು ಒಂದು ಕಸದ ತಳ್ಳುಗಾಡಿ. ಸೊಸೆ ಎರಡನ್ನೂ ಇಟ್ಟುಕೊಂಡಿದ್ದಳು.

"ಏನಾಯ್ತು ಗೊತ್ತೇನೇ? ಜೀಪ್ ಬಂತು. ನಮ್ಮ ಬಾಗಿಲಿಗೇ ಬಂದು ನಿಂತ್ಕೊಳ್ತು. ಕಿಟಕಿಯಿಂದ ಬಾಟ್ಲಿ ಚಾಚಿ, 'ಅಜ್ಜಿ, ನೀರು ತುಂಬಿಸಿ ಕೊಡು' ಅಂದ. ನಮ್ಮ ಮನೆ ನೀರು ಕೇಳಿದ ಕಣೇ! ಜೀಪ್‌ನೋನು!"

ಸೊಸೆ ಮೂಲೆಯ ಬಿಂದಿಗೆ ಕಡೆ ನೋಡಿದಳು.

"ಯಾವ ನೀರು ಕೊಟ್ರಿ ಅತ್ತೆ?"

"ಇದೇನ್ ಕೇಳ್ತಿ? ಮನೆ ಬಾಗಿಲಿಗೆ ಬಂದೋರಿಗೆ ಆ ಗಬ್ಬು ನೀರು ಕೊಡ್ತಾರೇನೇ? ಒಳ್ಳೇ ಬಿಂದಿಗೇದೇ ಕೊಟ್ಟೆ. ಬಾಟ್ಲಿ ತೊಳೆದು, ಅರಿವೆ ಹಾಕಿ ಸೋಸಿ ಕೊಟ್ಟೆ."

ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಡ್ರೈವರನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೋರು ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಅವನು ಜೀಪಿನಿಂದ ಕಾಲು ಕೆಳಗಿಡಲಿಲ್ಲ. ಪರೀಕ್ಷೆಗೆ ಎಂದು ಒಂದು ಮಾತು ಹೇಳಲಿಲ್ಲ. ಕೇರಿಯ ಮಣ್ಣು ಬೂಟಿಗೆ ಹತ್ತುತ್ತದಲ್ಲ! ಬೋರಿನ ನೀರಿಗೆ ಬಂದವನು ಮನೆ ಬಾಗಿಲಿಗೆ ಬಾಟಲಿ ಚಾಚುತ್ತಾನೆಂದು ಅತ್ತೆಗೆ ಹೊಳೆಯುವುದಾದರೂ ಹೇಗೆ? ಆದರೆ ಅತ್ತೆಯ ಮುಖ ನೋಡಿದರೆ ಏನು ಹೇಳುವುದು? ಹುಟ್ಟಿದಾಗಿನಿಂದ ಆ ಮುದುಕಿಯ ಕೈನೀರನ್ನು ಊರವರು ಯಾರೂ ಕೇಳಿರಲಿಲ್ಲ. ಕೇಳಿದ ಒಬ್ಬನಿಗೆ ಸೋಸಿ ಕೊಟ್ಟಿದ್ದಳು.

ಹೇಳಲೇಬೇಕಾಯಿತು, ಹೇಳಿದಳು. ಅತ್ತೆಯ ನಗು ಮೆಲ್ಲಗೆ ಆರಿತು.

"ಹಂಗಾದ್ರೆ ಅವನು ಕುಡಿಯೋಕಲ್ವಾ?"

"ಅಲ್ಲ ಅತ್ತೆ."

ಮುದುಕಿ ಮೂಲೆಗೆ ಹೋಗಿ ಬಿಂದಿಗೆಯ ತಟ್ಟೆ ಸರಿಯಾಗಿ ಮುಚ್ಚಿದಳು.

ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದಳು. ಬಾಟಲಿ ಕೋಣೆಯ ಬೀಗದ ಕೈ ಇರುವುದೇ ಅವಳ ಸೆರಗಿನಲ್ಲಿ. ಸಾಹೇಬ ಬಂದು, ಕುಡಿಯುವ ನೀರಿನ ಡ್ರಮ್ಮಿನಿಂದ ಲೋಟ ತುಂಬಿಸಿಕೊಂಡು ಕೂರುವವರೆಗೂ ಕಾದಳು. ಆ ಡ್ರಮ್ಮಿನ ನಲ್ಲಿಯನ್ನು ಅವಳು ಮುಟ್ಟುವಂತಿಲ್ಲ. ಅವಳ ಲೋಟ ಹೊರಗೆ ಕಿಟಕಿಯ ಮೇಲಿರುತ್ತದೆ. ಯಾರಾದರೂ ಮೇಲಿಂದ ಸುರಿಯಬೇಕು. ಸುರಿಯುವವರು ಸಿಗದ ದಿನ ಪರೀಕ್ಷೆ ಮುಗಿದ ಒಳ್ಳೇ ನೀರಿನ ಬಾಟಲಿಗಳಲ್ಲಿ ಉಳಿದದ್ದನ್ನು ಕುಡಿಯುತ್ತಾಳೆ.

"ಸಾರ್, ನಮ್ಮ ಕೇರಿ ಬಾಟ್ಲಿ ತಪ್ಪಾಗಿದೆ. ಅದು ಬೋರಿನ ನೀರಲ್ಲ. ಮೇಲಿನ ಬೀದಿ ನಲ್ಲಿ ನೀರು. ನಮ್ಮತ್ತೆ ಗೊತ್ತಿಲ್ಲದೆ ಕೊಟ್ಟಿದ್ದು. ಇವತ್ತೇ ಹೋಗಿ ಬೇರೆ ತಂದುಬಿಡ್ತೀನಿ ಸಾರ್. ನಡ್ಕೊಂಡೇ ಹೋಗ್ತೀನಿ."

ಸಾಹೇಬ ಅವಳ ಕಡೆ ನೋಡಲೂ ಇಲ್ಲ. "ಬಾಟಲಿ ಮೇಲೆ ಚೀಟಿ ಅಂಟಿದೆಯಾ?"

"ಅಂಟಿದೆ ಸಾರ್."

"ಚೀಟಿ ಏನು ಹೇಳುತ್ತೋ ಅದೇ ನೀರು. ಹೋಗು, ಕೆಲಸ ನೋಡು."

ಅವಳು ಹೋಗಲಿಲ್ಲ. ಕೇರಿಯ ಮಕ್ಕಳ ಮೈ ಹೇಳಿದಳು, ನೀರಿನ ಬಣ್ಣ ಹೇಳಿದಳು. ಆಗ ಅವನು ತಲೆ ಎತ್ತಿದ. "ಅಲ್ಲ ಕಣೇ, ನಾವೇನು ಕದ್ದು ತಂದ್ವಾ? ನಿನ್ನ ಅತ್ತೇನೇ ಕೈಯಾರೆ ಕೊಟ್ಟಿದ್ದು. ನೀರು ಚೆನ್ನಾಗಿದೆ ಅಂತ ಬಂದ್ರೆ ನಗೋದು ಬಿಟ್ಟು ಅಳ್ತೀಯಲ್ಲ, ಎಂಥಾ ಜನಾನೋ ನೀವು!"

ಚೆನ್ನಾಗಿದೆ ಎಂದೇ ಬಂತು. ಬರದೆ ಎಲ್ಲಿಗೆ ಹೋಗುತ್ತದೆ? ಡ್ರೈವರ್ ಬಂದು ಬೋರಿಗೆ ತಗಡಿನ ಬೋರ್ಡು ಕಟ್ಟಿದ. ಆವತ್ತು ಮಾತ್ರ ಜೀಪಿನಿಂದ ಇಳಿದ. ಬೋರ್ಡಿನ ಮೇಲೆ ನೀಲಿ ಅಕ್ಷರ, 'ಕುಡಿಯಲು ಯೋಗ್ಯ'.

ಪೈಪು ಬೇರೆ ಕಡೆಗೆ ಹೋಯಿತು. ಹೋಗಲಿ. ಅಷ್ಟಕ್ಕೇ ನಿಂತಿದ್ದರೆ ಕೇರಿ ಅದನ್ನೂ ನುಂಗಿಕೊಳ್ಳುತ್ತಿತ್ತು. ಮೇಲಿನ ಬೀದಿಯವರು ಇಂಥದ್ದೊಂದು ನೆಪಕ್ಕೇ ಕಾದಿದ್ದರು. ನಲ್ಲಿಗೆ ಕಬ್ಬಿಣದ ಪೆಟ್ಟಿಗೆ ಕೂರಿಸಿ ಬೀಗ ಜಡಿದರು. ಬಿಂದಿಗೆ ಹೊತ್ತು ಹೋದ ಹೆಂಗಸರಿಗೆ ಮಹಡಿಯ ಮೇಲಿಂದ ಉತ್ತರ ಬಂತು. "ನಿಮ್ಮ ನೀರು ಚೆನ್ನಾಗಿದೆ ಅಂತ ಸರ್ಕಾರವೇ ಹೇಳಿದೆಯಲ್ಲ! ಇಲ್ಯಾಕೆ ಬರ್ತೀರಿ? ಅದನ್ನೇ ಕುಡೀರಿ."

ಖಾಲಿ ಬಿಂದಿಗೆಗಳು ಇಳಿದು ಬಂದವು. ಬರುತ್ತಾ ಅವಳ ಮನೆಯ ಮುಂದೆ ನಿಂತವು. ಎದುರುಮನೆಯವಳು ಬಿಂದಿಗೆಯನ್ನು ನೆಲಕ್ಕೆ ಕುಕ್ಕಿದಳು.

"ನಿಮ್ಮ ಮನೇಲಿ ಒಳ್ಳೇ ನೀರು ಜಾಸ್ತಿ ಇತ್ತಂತಲ್ಲ, ಜೀಪ್‌ನೋರಿಗೆ ಹಂಚೋವಷ್ಟು. ಈಗ ನನ್ನ ಕೂಸಿಗೆ ಏನ್ ಕುಡಿಸ್ಲಿ? ಹೇಳು!"

"ಅತ್ತೆಗೆ ಗೊತ್ತಿರ್ಲಿಲ್ಲ ಕಣೇ..."

"ನಿನಗೆ ಗೊತ್ತಿತ್ತಲ್ಲ? ನೀನು ಆಫೀಸ್‌ನೋಳಲ್ವಾ?"

ಆವತ್ತಿನಿಂದ ಕೇರಿ ಅವಳ ಜೊತೆ ಮಾತು ಬಿಟ್ಟಿತು. ಜಗಳವಾಡಿದ್ದರೆ ಒಳ್ಳೆಯದಿತ್ತು, ಜಗಳದಲ್ಲಾದರೂ ಮಾತಿರುತ್ತದೆ. ಅವಳು ಬೋರಿಗೆ ಬಂದರೆ ಕಟ್ಟೆ ಖಾಲಿಯಾಗುತ್ತಿತ್ತು. ಹಿಡಿಕೆ ಅವಳೇ ಒತ್ತಬೇಕು, ಬಿಂದಿಗೆ ಅವಳೇ ಎತ್ತಬೇಕು. ತಲೆಗೆ ಕೈ ಕೊಡುವವರೂ ಇಲ್ಲ. ಕೇರಿಯಲ್ಲಿ ಅವಳು ಆಫೀಸಿನವಳು, ಆಫೀಸಿನಲ್ಲಿ ಕೇರಿಯವಳು. ಬೆಳಗಿನಿಂದ ಸಂಜೆವರೆಗೆ ಅವಳ ಕಿವಿಗೆ ಬೀಳುವ ಮಾತು ಒಂದೇ, 'ಏ ಬಾಟ್ಲಿ'. ಆ ಮಾತಿಗೂ ಕಾಯುವಂತಾಯಿತು. ಥೂ, ಒಂಟಿತನ ಮನುಷ್ಯರನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ.

ಮನೆಯೊಳಗೆ ಅತ್ತೆ ಇನ್ನೊಂದು ಹಟ ಹಿಡಿದಳು. ಸೊಸೆ ಆಫೀಸಿನಿಂದ, ಪರೀಕ್ಷೆ ಮುಗಿದ ಬಾಟಲಿಗಳ ಉಳಿದ ಒಳ್ಳೇ ನೀರನ್ನು ಡಬ್ಬಿಯಲ್ಲಿ ಕದ್ದು ತರುತ್ತಿದ್ದಳು. ಮುದುಕಿ ಮುಟ್ಟಲಿಲ್ಲ.

"ಒಂದು ಗುಟುಕು ಕುಡೀರಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಎದುರುಮನೆ ಕೂಸಿಗೆ ಕೊಡು."

"ಕೊಡೋಕೆ ಹೋದೆ. ಬಾಗಿಲು ಹಾಕ್ಕೊಂಡ್ಲು."

"ಹಂಗಾದ್ರೆ ಚೆಲ್ಲು. ನನ್ನ ಕೈಯಿಂದ ಕೇರಿ ಬಾಯಿಗೆ ಆ ನೀರು ಬಿತ್ತು. ಅವರು ಕುಡಿಯೋದನ್ನೇ ನಾನೂ ಕುಡೀತೀನಿ."

ಕುಡಿದಳು. ವಯಸ್ಸಾದ ಹೊಟ್ಟೆ ಎಷ್ಟು ತಡೆಯುತ್ತದೆ? ವಾಂತಿ ಶುರುವಾಯಿತು, ಮೈ ಊದಿತು. ಸೊಸೆ ಅವಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೋದಳು. ಜೊತೆಗೆ ಯಾರೂ ಬರಲಿಲ್ಲ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಯಾವ ನೀರು ಕುಡೀತಾರೆ?"

"ಕೇರಿ ಬೋರಿಂದು ಸಾರ್. ಆ ನೀರಿಂದಲೇ ಹಿಂಗಾಗಿದ್ದು."

"ಆ ಬೋರು ಟೆಸ್ಟ್ ಆಗಿದೆ. ಬೋರ್ಡೇ ಹಾಕಿದಾರಲ್ಲಮ್ಮ. ಬೇರೆ ಏನೋ ತಿಂದಿರ್ತಾರೆ ಬಿಡು."

ಬೇರೆ ಏನು ತಿನ್ನುತ್ತಾಳೆ ಮುದುಕಿ, ಮಣ್ಣು? ಕೊಟ್ಟ ಮಾತ್ರೆ ಬೋರಿನ ನೀರಿನಲ್ಲೇ ನುಂಗಬೇಕಿತ್ತು. ಕೆಲವು ದಿನ ನರಳಿ ಒಂದು ಮಧ್ಯಾಹ್ನ ಸತ್ತಳು. ಸಾಯುವ ಮುಂಚೆ ಮೂಲೆಯ ಬಿಂದಿಗೆ ಕಡೆ ನೋಡುತ್ತಿದ್ದಳು. ಅದು ಖಾಲಿಯಿತ್ತು.

ಹೆಣ ತೊಳೆಯಲು ನೀರು ಬೇಕಾಯಿತು. ಆವತ್ತು ಡಬ್ಬಿಯಲ್ಲಿ ಕದ್ದ ನೀರು ಒಂದು ಹನಿ ಇರಲಿಲ್ಲ. ಅವಳು ಬೋರಿಗೆ ಹೋಗಿ ಒತ್ತಿದಳು. ವಾಸನೆ ಬಂತು, ಹಳದಿ ನೀರು ಬಂತು. ಅದನ್ನೇ ತಂದು ಅತ್ತೆಯ ತಲೆಗೆ ಹೊಯ್ದಳು. ಬಿಳಿ ಕೂದಲು ಹಳದಿಯಾಯಿತು. ಮತ್ತೆ ತೊಳೆದಳು, ಮತ್ತೆ ಹಳದಿ. ಎಷ್ಟು ತೊಳೆದರೂ ಹೆಣ ಕೊಳೆಯಾಗುತ್ತಲೇ ಹೋಯಿತು. ಅವಳಿಗೆ ಅಳು ಬರಲಿಲ್ಲ. 

ಹೊರಲು ಕೇರಿಯವರು ಬಂದರು. ಸಾವಿಗೆ ಬರದಿರಲಾಗುತ್ತದೆಯೇ? ಬಂದರು, ಹೊತ್ತರು, ಹೂತರು, ಹೋದರು. ಮಾತಾಡಲಿಲ್ಲ.

ಅತ್ತೆ ಸತ್ತದ್ದಕ್ಕೆ ಆಫೀಸಿನಲ್ಲಿ ಅವಳಿಗೆ ಒಂದೇ ದಿನ ರಜೆ ಸಿಕ್ಕಿತು. ಮರುದಿನ ಸಾಹೇಬ ಅವಸರದಲ್ಲಿದ್ದ. "ನಾಳೆ ಮೇಲಿನ ಆಫೀಸಿಂದ ದೊಡ್ಡವರು ಬರ್ತಾ ಇದಾರೆ. ಎರಡನೇ ಸುತ್ತಿನ ನೀರು ಅವರ ಕಣ್ಮುಂದೆಯೇ ತೆಗೀಬೇಕು. ಇರೋ ಬಾಟಲಿ ಎಲ್ಲಾ ತೊಳೆದು ಒಣಗಿಸಿಡು. ಒಂದೂ ಬಿಡಬೇಡ."

"ನಮ್ಮ ಕೇರೀಲೂ ತೆಗೀತೀರಾ ಸಾರ್?"

"ಅದು ಆಯ್ತಲ್ಲ. ಒಳ್ಳೇದು ಅಂತ ಬಂದಿದ್ದನ್ನ ಮತ್ಯಾಕೆ ಕೆದಕೋದು?"

ಅವಳು ಬಾಟಲಿ ತೊಳೆದಳು. ಒಂದನ್ನೂ ಬಿಡಲಿಲ್ಲ. ಬ್ರಷ್ಷು ಹಾಕಿ ಉಜ್ಜಿ, ಬಿಸಿನೀರಿನಲ್ಲಿ ಅದ್ದಿ, ಬೋರಲು ಹಾಕಿ ಒಣಗಿಸಿದಳು. ಅಷ್ಟು ಶುಭ್ರವಾಗಿ ಅವಳು ಯಾವತ್ತೂ ತೊಳೆದಿರಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ತಳ್ಳುಗಾಡಿಯೊಂದಿಗೆ ಆಫೀಸಿನ ಹಿಂಬಾಗಿಲಿಗೆ ಬಂದಳು. ಬೀಗ ತೆಗೆದು ಪೆಟ್ಟಿಗೆಗಳನ್ನೆಲ್ಲ ಗಾಡಿಗೆ ಹೇರಿದಳು. ಬಾಟಲಿಗಳು ಗಲಗಲ ಅನ್ನುತ್ತಾ ಇಳಿಜಾರಿನಲ್ಲಿ ಕೇರಿಗೆ ಬಂದವು.

ಕೇರಿ ಆಗತಾನೇ ಏಳುತ್ತಿತ್ತು. ಹಲ್ಲುಜ್ಜುವವರು ಬಾಯಲ್ಲಿ ಬೆರಳಿಟ್ಟುಕೊಂಡೇ ನಿಂತರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಗಾಡಿಯನ್ನು ಬೋರಿನ ಪಕ್ಕಕ್ಕೆ ನಿಲ್ಲಿಸಿ ಸೆರಗು ಕಟ್ಟಿದಳು.

ಬೋರಿನ ನೀರು ಪರೀಕ್ಷೆಗೆ ತೆಗೆಯುವುದಕ್ಕೆ ಒಂದು ಕ್ರಮವಿದೆ. ಕೊಳವೆಯಲ್ಲಿ ನಿಂತ ಹಳೇ ನೀರನ್ನು ಮೊದಲು ಒತ್ತಿ ಚೆಲ್ಲಬೇಕು. ನೆಲದೊಳಗಿನ ಹೊಸ ನೀರು ಬರುವವರೆಗೂ ಒತ್ತುತ್ತಲೇ ಇರಬೇಕು. ಅವಳು ಒತ್ತಿದಳು. ಹಿಡಿಕೆ ಗಟ್ಟಿ, ರೆಟ್ಟೆ ಸೋತವು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಒತ್ತಿದಳು. ಉಸಿರು ಎಳೆಯುತ್ತಾ ಒತ್ತಿದಳು. ಹೊಸ ನೀರು ಬಂತು. ಅದೂ ಹಳದಿ.

ಮೊದಲ ಬಾಟಲಿ ಹಿಡಿದಳು. ಒಂದು ಕೈಯಲ್ಲಿ ಹಿಡಿಕೆ, ಒಂದು ಕೈಯಲ್ಲಿ ಬಾಟಲಿ. ಕೈ ಜಾರಿ ಬಾಟಲಿ ಕಟ್ಟೆಗೆ ತಾಗಿತು. ಒಡೆಯಲಿಲ್ಲ. ಮತ್ತೆ ಹಿಡಿದಳು.

"ಕೈ ತೆಗಿ."

ತಿರುಗಿ ನೋಡಿದಳು. ಎದುರುಮನೆಯವಳು. ಕೂಸನ್ನು ಕಟ್ಟೆಯ ಮೇಲೆ ಕೂರಿಸಿ ಹಿಡಿಕೆಗೆ ಕೈ ಹಾಕಿದ್ದಳು.

"ನಾನು ಒತ್ತೀನಿ. ನೀನು ತುಂಬು."

ಅಷ್ಟೇ.  ಒಬ್ಬಳು ಒತ್ತಿದಳು, ಒಬ್ಬಳು ಗಲಬರಿಸಿ ಚೆಲ್ಲಿದಳು, ತುಂಬಿದಳು, ಮುಚ್ಚಳ ಬಿಗಿದಳು, ಚೀಟಿ ಅಂಟಿಸಿದಳು. ಒಂದೊಂದರ ಮೇಲೂ 'ಕೇರಿ ಬೋರು' ಎಂದು ಬರೆದಳು. ಗೊತ್ತಿದ್ದ ಅಕ್ಷರ ಅಷ್ಟೇ, ಅಷ್ಟೇ ಸಾಕಾಗಿತ್ತು.

ತುಂಬಿದ ಗಾಡಿಯನ್ನು ಏರಿನಲ್ಲಿ ತಳ್ಳಿದ್ದು ಅವಳೊಬ್ಬಳೇ. "ನೀನು ಬರಬೇಡ. ಕೂಸು ಇದೆ. ಇದು ನಮ್ಮ ಮನೇಲಿ ಆದ ತಪ್ಪು" ಎಂದು ಎದುರುಮನೆಯವಳನ್ನು ನಿಲ್ಲಿಸಿದ್ದಳು. ಹೆಜ್ಜೆ ಹೆಜ್ಜೆಗೂ ಗಾಡಿ ಹಿಂದಕ್ಕೆ ಜಗ್ಗಿತು. ಎದೆ ಕೊಟ್ಟು ತಳ್ಳಿದಳು. ಆಫೀಸು ತೆರೆಯುವ ಮುಂಚೆ ಬಾಟಲಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋದವು. ಬಾಟಲಿ ಕೋಣೆಯ ಹಲಗೆಗಳು ನೆಲದಿಂದ ಸೂರಿನವರೆಗೆ ಹಳದಿಯಾದವು.

ದೊಡ್ಡವರು ಬಂದರು. ಸಾಹೇಬ ನಗುನಗುತ್ತಾ ಅವರನ್ನು ಕೋಣೆಗೆ ಕರೆತಂದ. ಬಾಗಿಲಲ್ಲೇ ನಗು ನಿಂತಿತು.

"ಏನೇ ಇದು? ಖಾಲಿ ಬಾಟಲಿ ಎಲ್ಲಿ?"

"ಇಲ್ಲ ಸಾರ್. ಎಲ್ಲಾ ತುಂಬಿದೆ."

"ಯಾವ ನೀರು?"

"ಚೀಟಿ ಅಂಟಿದೆ ಸಾರ್. ಚೀಟಿ ಏನು ಹೇಳುತ್ತೋ ಅದೇ ನೀರು."

ಸಾಹೇಬನ ಮುಖ ಕಪ್ಪಿಟ್ಟಿತು. ಹಲ್ಲು ಕಚ್ಚಿಕೊಂಡು ಹೇಳಿದ, "ಚೆಲ್ಲು."

"ಚೆಲ್ಲಲ್ಲ."

"ಚೆಲ್ಲಿ ತೊಳಿ ಅಂದ್ರೆ!"

"ತೊಳೆಯಲ್ಲ. ನಮ್ಮತ್ತೆ ಹೆಣಾನ ಈ ನೀರಲ್ಲಿ ತೊಳೆದು ಬಂದಿದೀನಿ. ಇನ್ನು ಏನನ್ನೂ ತೊಳೆಯಲ್ಲ."

"ನಾಳೆಯಿಂದ ಬರಬೇಡ ನೀನು!"

"ಬರೋಕೆ ಯಾವನಿಗೆ ಬೇಕಾಗಿದೆ?"

ಸಾಹೇಬ ಡ್ರೈವರನ ಕಡೆ ತಿರುಗಿದ. "ನೀನು ಚೆಲ್ಲೋ. ಬೇಗ."

ಡ್ರೈವರ್ ಮುಂದೆ ಬಂದ. ಒಂದು ಬಾಟಲಿಯ ಕುತ್ತಿಗೆಯನ್ನು ಎರಡೇ ಬೆರಳಲ್ಲಿ ಹಿಡಿದ. ಮುಚ್ಚಳ ತಿರುಗಿಸಿದ. ವಾಸನೆ ಮುಖಕ್ಕೆ ಹೊಡೆಯಿತು. ನೀರು ತುಳುಕಿ ಬೆರಳಿನ ಹತ್ತಿರ ಬಂದಿತ್ತು, ಗಡಬಡಿಸಿ ಕೆಳಗಿಟ್ಟ.

"ಸಾರ್, ಕೈಗೆ ಹತ್ತುತ್ತೆ."

"ಹತ್ತಿದ್ರೆ ಏನಾಗುತ್ತೆ?" ಬಂದ ದೊಡ್ಡವರಲ್ಲಿ ಒಬ್ಬರು ಕೇಳಿದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

 ಅವಳು ಡ್ರೈವರನನ್ನೇ ನೋಡಿದಳು.

"ಹೇಳಣ್ಣ, ಏನಾಗುತ್ತೆ? ಬೋರ್ಡ್ ಕಟ್ಟಿದ್ದು ನೀನೇ ಅಲ್ವಾ?"

ಸೆರಗಿನಿಂದ ಬೀಗದ ಕೈ ಬಿಚ್ಚಿ ನೆಲದ ಮೇಲೆ ಎಸೆದಳು. ಹೊರಗೆ ಬಂದು ಕಿಟಕಿಯ ಮೇಲಿದ್ದ ತನ್ನ ಲೋಟ ತೆಗೆದುಕೊಂಡಳು. ಖಾಲಿ ಗಾಡಿ ತಳ್ಳಿಕೊಂಡು ನಡೆದಳು.

ಮನೆ ಹಾಗೇ ಇತ್ತು. ಅತ್ತೆಯ ಚಾಪೆ ಸುತ್ತಿಟ್ಟಲ್ಲೇ ಇತ್ತು. ಮೂಲೆಯಲ್ಲಿ ಬಿಂದಿಗೆ, ಮೇಲೆ ತಟ್ಟೆ. ಅವಳು ಗೋಡೆಗೆ ಒರಗಿ ಕೂತಳು. ಇನ್ನು ಮೇಲೆ ಏ ಎಂದು ಕರೆಯುವವರೂ ಇಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಎದುರುಮನೆಯವಳು ಹೊಸ್ತಿಲು ದಾಟಿ ಒಳಗೆ ಬಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕದಲ್ಲಿ ಕೂತಳು.

"ಕೆಲಸ ಹೋಯ್ತಾ ಬಾಟ್ಲಕ್ಕ?"

"ಹೋಯ್ತು."

"ಬಾಟ್ಲಿಗಳು?"

"ಅಲ್ಲೇ ಇವೆ. ತುಂಬಿದ್ದು ತುಂಬಿದ ಹಾಗೇ. ಮುಟ್ಟೋಕೆ ಯಾರಿಗೂ ಧೈರ್ಯ ಇಲ್ಲ."

 ಅತ್ತೆಯಿದ್ದಿದ್ದರೆ ಅಷ್ಟೊತ್ತಿಗೆ ತಟ್ಟೆ ತೆಗೆದು ನೀರು ಬಗ್ಗಿಸಿ ಕೊಟ್ಟಿರುತ್ತಿದ್ದಳು. ಆ ಮನೆಗೆ ಕೊನೆಗೂ ಒಬ್ಬರು ಬಂದಿದ್ದರು. ಅವಳ ಕೈ ತಾನಾಗಿ ಬಿಂದಿಗೆ ಕಡೆ ಹೋಯಿತು. ಖಾಲಿ ಎಂದು ನೆನಪಾಗಿ ಅಲ್ಲೇ ನಿಂತಿತು.

"ನೀರು ಗೀರು ಏನೂ ಬೇಡ. ಬಿಡು" ಎಂದಳು ಎದುರುಮನೆಯವಳು. "ಸುಮ್ನೆ ಕೂತ್ಕೊಳ್ಳೋಕೆ ಬಂದೆ."

ಆಗ ಅವಳಿಗೆ ಅಳು ಬಂತು.